ಪಹಣಿ ಇಲ್ಲದವರ ಕೆರೆ

ಭಾನುವಾರ ಊರಿಗೆ ಹೋಗಿ ಬಂದೆ. ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮೂರು ಕೋಲಾರದ ಕಡೆ ಅಂತ ನಿಮಗೆಲ್ಲ ಗೊತ್ತು. ಅಪ್ಪ ಹೋದ ಮೇಲೆ ಜಮೀನು ನೋಡಿಕೊಳ್ಳುತ್ತಿರುವುದು ಅಮ್ಮ ಅನ್ನೋದೂ ಗೊತ್ತು. ಭಾನುವಾರ ಅರಳಿಕಟ್ಟೆ ಹತ್ತಿರ ಕೆರೆ ಸಂಘದ ಸಭೆ ಇತ್ತು. ಹೂಳು ತೆಗೆಸಬೇಕು, ನೀರು ಬಿಡುವ ತೂಬು ರಿಪೇರಿ ಆಗಬೇಕು. ಅದಕ್ಕೆ ಸದಸ್ಯರ ಪಟ್ಟಿ ಬರೆಯುತ್ತಿದ್ದರು. ಅಚ್ಚುಕಟ್ಟಿನಲ್ಲಿ, ಅಂದ್ರೆ ಕೆರೆ ನೀರು ಹರಿಯುವ ಜಮೀನಿನಲ್ಲಿ, ಯಾರ ಹೆಸರಿಗೆ ಪಹಣಿ (ಜಮೀನಿನ ದಾಖಲೆ) ಇದೆಯೋ ಅವರು ಮಾತ್ರ ಸದಸ್ಯರು ಅಂತ ಮೊದಲೇ ತೀರ್ಮಾನ ಆಗಿತ್ತು.

ನಮ್ಮೂರಲ್ಲಿ ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ತಾತ ಎದ್ದು ನಿಂತು, "ನನ್ನ ಹೆಸರೂ ಬರ್ಕೊಳ್ರಪ್ಪಾ" ಅಂದರು. ಬರೆಯುತ್ತಿದ್ದವನು ತಲೆ ಎತ್ತಲಿಲ್ಲ. "ಪಹಣಿ ಐತಾ ತಾತ?" ಅಂದ. ತಾತ ಕೂತುಬಿಟ್ಟರು. ಮುಂದಿನ ಹೆಸರು ನನ್ನದು. ಬೆಂಗಳೂರು ಸೇರಿ 18 ವರ್ಷ ಆಗಿರುವ ನನ್ನದು. ನಾನು ಸಹಿ ಹಾಕಿದೆ. ಒಂದು ಮಾತೂ ಆಡಲಿಲ್ಲ.

2021ರ ನವೆಂಬರ್ ನೆನಪಿದೆಯಾ? ಮಳೆ ಬಿಡದೆ ಸುರಿದು ನಮ್ಮ ಕಡೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳೆಲ್ಲ ತುಂಬಿ ಕೋಡಿ ಹೋದವು. ನಾವು ಮೊಬೈಲ್ ಹಿಡಿದು ವೀಡಿಯೊ ಮಾಡುತ್ತಿದ್ದೆವು. ಕೆರೆ ಏರಿಯ ಕೆಳಗೆ ಒಂದು ಕಡೆ ನೀರು ಜಿನುಗುತ್ತಿರುವುದನ್ನು ಕಂಡವರು ಈ ತಾತ. ಜಿನುಗುವ ನೀರು ತಿಳಿಯಾಗಿದ್ದರೆ ಪರವಾಗಿಲ್ಲ, ಕೆಂಪಗೆ ಬಂದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಅರ್ಥ. ಅದು ಕೆಂಪಗೆ ಬರುತ್ತಿತ್ತು. ರಾತ್ರಿಯೆಲ್ಲ ಹುಡುಗರನ್ನು ಕರೆದುಕೊಂಡು ಮರಳು ಮೂಟೆ ಹಾಕಿಸಿದರು. ಆವತ್ತು ಯಾರೂ ಪಹಣಿ ಕೇಳಲಿಲ್ಲ.

ಪೇಟೆಯಲ್ಲಿ ಬೆಳೆದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ನಮಗೆ ಇದ್ದಿದ್ದೇ ಕೆರೆ. ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಈ ಸಲ ಎಷ್ಟು ಎಕರೆ ನಾಟಿ ಮಾಡಿದರೆ ಕಡೇ ಗದ್ದೆಗೂ ನೀರು ಮುಟ್ಟುತ್ತದೆ ಅನ್ನೋದನ್ನು ನೋಡುತ್ತಿದ್ದವರು ನೀರುಗಂಟಿ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವರ ಪಾಲಿನ ಕಾಳು ಸಿಗುತ್ತಿತ್ತು. ನಮ್ಮ ಕಡೆ ಈ ಕೆಲಸ ಮಾಡಿದವರು ಹೆಚ್ಚಾಗಿ ದಲಿತರು. ಊರಿಗೆಲ್ಲ ನೀರು ಹಂಚಿದವರಿಗೆ ಊರ ಬಾವಿಯಿಂದ ನೀರು ಸೇದಲು ಬಿಡುತ್ತಿರಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆ ಆಗುತ್ತೆ, ಯಾಕಂದ್ರೆ ಬಿಡದೆ ಇದ್ದವರಲ್ಲಿ ನಮ್ಮ ಮನೆಯವರೂ ಇದ್ದರು.

ಈ ಕೆಲಸಕ್ಕೆ ಪ್ರತಿಯಾಗಿ ಉಳಲು ಬಿಟ್ಟ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಶಾನುಭೋಗಿಕೆ, ಪಟೇಲಿಕೆ, ತೋಟಿ, ನೀರುಗಂಟಿ, ಎಲ್ಲ ವಂಶಪಾರಂಪರ್ಯ ಹುದ್ದೆಗಳೂ ಹೋದವು. ಹುಟ್ಟಿನಿಂದ ಬರುವ ಚಾಕರಿ ಹೋಗಿದ್ದು ಒಳ್ಳೆಯದೇ. ಇನಾಂ ಜಮೀನನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಬೇಕು ಅಂತಲೂ ಕಾಯ್ದೆ ಹೇಳಿತು. ಆದರೆ ಅದಕ್ಕೆ ಅರ್ಜಿ ಹಾಕಬೇಕು, ಹಣ ಕಟ್ಟಬೇಕು, ಕಚೇರಿಗೆ ಅಲೆಯಬೇಕು. ಓದಲು ಬಾರದ ತಾತನ ಅಪ್ಪ ಅದನ್ನೆಲ್ಲ ಹೇಗೆ ಮಾಡಬೇಕಿತ್ತು? ಆ ಜಮೀನು ಈಗ ಬೇರೆಯವರ ಪಹಣಿಯಲ್ಲಿದೆ. ಹಾಗಾಗಿ ತಾತನಿಗೆ ಪಹಣಿ ಇಲ್ಲ. ಹಾಗಾಗಿ ಸಂಘದಲ್ಲಿ ಹೆಸರಿಲ್ಲ.

ಒಬ್ಬ ಗೆಳೆಯ ಫೋನಿನಲ್ಲಿ ಹೇಳಿದ: "ವಂತಿಗೆ ಕೊಡೋರು ಜಮೀನಿನವರು, ತೀರ್ಮಾನಾನೂ ಅವರೇ ಮಾಡಲಿ. ಇದು ಬೋರ್‌ವೆಲ್ ಕಾಲ, ನೀರುಗಂಟಿ ಯಾಕೆ ಬೇಕು?" ವಂತಿಗೆ ಅಂದ್ರೆ ಬರೀ ದುಡ್ಡಾ? ಕಾಲುವೆ ಗುದ್ದಲಿ ಹಿಡಿದು ತೆಗೆದವರದು ವಂತಿಗೆ ಅಲ್ವಾ? ಕೆರೆಯಂಗಳದಲ್ಲಿ ಕುರಿ ಮೇಯಿಸುವವರು, ಹುಲ್ಲು ಕೊಯ್ಯುವ ಹೆಂಗಸರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಕೆರೆಗೆ ಸಂಬಂಧವೇ ಇಲ್ಲದವರಾ?

ಬೋರ್‌ವೆಲ್ ಮಾತಿಗೆ ನನ್ನ ಸಿಟ್ಟು ಇನ್ನೂ ಜಾಸ್ತಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಕೆ.ಸಿ. ವ್ಯಾಲಿ ಯೋಜನೆ. ನಮ್ಮ ಕೆರೆಗೆ ಅದು ಬಂದಿಲ್ಲ. ಬಂದ ಕೆರೆಗಳಲ್ಲಿ ಆ ನೀರನ್ನು ತೂಬಿನಿಂದ ಗದ್ದೆಗೆ ಹರಿಸುವಂತಿಲ್ಲ, ಅದು ಇಂಗಿ ಅಂತರ್ಜಲ ಏರಬೇಕು. ಏರಿದ್ದೂ ನಿಜ, ಬತ್ತಿದ್ದ ಬಾವಿಗಳಲ್ಲಿ ನೀರು ಬಂದಿದ್ದೂ ನಿಜ. ಆದರೆ ಕೆರೆಯಲ್ಲಿ ಇರುವಾಗ ಊರಿನದಾಗಿದ್ದ ನೀರು ನೆಲದೊಳಗೆ ಇಳಿದ ಮೇಲೆ ಯಾರದು? ಮೇಲೆ ಜಮೀನಿದ್ದು, ಬೋರ್ ಕೊರೆಸಲು ದುಡ್ಡಿದ್ದವರದು. ಅಲ್ಲೂ ಮತ್ತೆ ಪಹಣಿಯೇ. ನೀರುಗಂಟಿ ಇದ್ದಾಗ ಹಂಚಲು ಒಂದು ಕೈಯಾದರೂ ಇತ್ತು. ಮೋಟರ್ ಸ್ವಿಚ್‌ಗೆ ಯಾವ ನೀರುಗಂಟಿ?

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಎಲ್ಲರಿಗೂ ಸೇರಿದ ನೀರು, ಕಾಡನ್ನು ಜನ ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದನ್ನೇ ಬದುಕಿಡೀ ನೋಡಿದವರು. ನೇಪಾಳದಲ್ಲಿ ಸರ್ಕಾರ ಕಟ್ಟಿ ನಡೆಸುವ ಕಾಲುವೆಗಳಿಗಿಂತ ರೈತರೇ ನಡೆಸುವ ಕಾಲುವೆಗಳಲ್ಲಿ ಕೊನೆಯ ಗದ್ದೆಗೂ ನೀರು ಚೆನ್ನಾಗಿ ಮುಟ್ಟುತ್ತಿತ್ತು ಅಂತ ಅವರೂ ಅವರ ಜೊತೆಯವರೂ ತೋರಿಸಿದರು. ನಿಯಮ ಯಾರಿಗೆ ತಟ್ಟುತ್ತದೋ ಅವರು ನಿಯಮ ಮಾಡುವುದರಲ್ಲೂ ಇರಬೇಕು, ಕಾವಲು ಕಾಯುವವರು ಬಳಸುವವರಿಗೆ ಉತ್ತರ ಹೇಳುವಂತಿರಬೇಕು ಅಂದರು. ಓದಿದಾಗ ನನಗೆ ನಮ್ಮ ತಾತನೇ ಕಣ್ಣ ಮುಂದೆ ಬಂದರು.

ಇನ್ನೊಂದು ವಿಷಯ ಇದೆ. ಹೇಳಲು ಕಷ್ಟ ಆಗುತ್ತಿದೆ. ಅಮ್ಮನ ಹೆಸರೂ ಆ ಪಟ್ಟಿಯಲ್ಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿದಾಗ ಜಮೀನು ನನ್ನ ಮತ್ತು ತಮ್ಮನ ಹೆಸರಿಗೆ ಬಂತು. ಕಾನೂನಿನಲ್ಲಿ ಅಮ್ಮನಿಗೂ ಅಕ್ಕನಿಗೂ ನಮ್ಮ ಹಾಗೇ ಪಾಲಿದೆ. ಇಬ್ಬರಿಂದಲೂ ಒಪ್ಪಿಗೆಗೆ ಸಹಿ ಹಾಕಿಸಿಕೊಂಡೆವು. ಹಾಕಿಸಿದವನು ನಾನೇ. "ಸುಮ್ನೆ ಕಾಗದಕ್ಕೆ ಅಮ್ಮಾ, ಜಮೀನು ನಿಂದೇ ತಾನೇ" ಅಂದಿದ್ದೆ. ಭಾನುವಾರ ಅಮ್ಮ ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ರಾಗಿ ಹೊಲಕ್ಕೆ ಹೋಗುವವರು ಅವರು. ಸಹಿ ಹಾಕಿದವನು ನಾನು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಒಂದೇ ಮಾತು ಕೇಳಿದರು. "ತೂಬು ಯಾವ ಕಡೆ ತಿರುಗಿಸಿದ್ರೆ ಎತ್ತುತ್ತೆ, ಗೊತ್ತೇನಪ್ಪಾ ನಿಂಗೆ?"

ಗೊತ್ತಿರಲಿಲ್ಲ.

ಇವತ್ತು ಸಂಘದವರಿಗೆ ಫೋನ್ ಮಾಡಿ ನನ್ನ ಹೆಸರು ತೆಗೆಯಿರಿ, ತಾತನ ಹೆಸರು ಬರೆಯಿರಿ ಅಂದೆ. ಹಾಗೆಲ್ಲ ಆಗಲ್ಲ, ಸಭೆಯಲ್ಲೇ ತೀರ್ಮಾನ ಆಗಬೇಕು ಅಂದರು. ಸರಿ, ಮುಂದಿನ ಭಾನುವಾರ ಸಭೆಯಲ್ಲೇ ಕೇಳುತ್ತೇನೆ. ತಮ್ಮನ ಹತ್ತಿರ ಮಾತಾಡಿದ್ದೇನೆ. ಅಮ್ಮನ ಹೆಸರು, ಅಕ್ಕನ ಹೆಸರು ಪಹಣಿಗೆ ಸೇರಿಸಲು ಏನೇನು ಕಾಗದ ಬೇಕು ಅಂತ ಸೋಮವಾರ ನಾಡಕಚೇರಿಯಲ್ಲಿ ವಿಚಾರಿಸುತ್ತೇವೆ. ಈ ಕೆಲಸ ಮಾಡಿಸಿದವರು ಇಲ್ಲಿ ಯಾರಾದರೂ ಇದ್ದರೆ ಕೆಳಗೆ ಬರೆಯಿರಿ.