ಹಗ್ಗ ಬಿಚ್ಚಿಟ್ಟು ಹಸು ಕೊಡಬೇಕು

ಮನೆಯಲ್ಲಿ ಹಸು ಕಟ್ಟಿದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. 1980ರ ದಶಕದ ಶುರುವಿನಲ್ಲಿ ಯುರೋಪಿನ ಪುಟ್ಟ ದೇಶ ಅಲ್ಬೇನಿಯಾದಲ್ಲಿ ಎನ್ವರ್ ಹೊಜಾನ ಕಮ್ಯುನಿಸ್ಟ್ ಸರ್ಕಾರ ಹಳ್ಳಿಯವರ ಹಿತ್ತಲಲ್ಲಿ ಉಳಿದಿದ್ದ ಹಸು, ಕುರಿ, ಮೇಕೆಗಳನ್ನೂ ಸಾಮೂಹಿಕ ಫಾರಂಗೆ ಹೊಡೆದುಕೊಂಡು ಹೋಯಿತು. ಜಮೀನು ಅದಕ್ಕೂ ಮೊದಲೇ ಹೋಗಿತ್ತು. 1967ರಲ್ಲೇ ಚರ್ಚು, ಮಸೀದಿಗಳಿಗೆಲ್ಲ ಬೀಗ ಬಿದ್ದಿತ್ತು. ಈಗ ಕೊಟ್ಟಿಗೆಯೂ ಖಾಲಿ, ಬರೀ ಗೂಟ. ದನ ಸಾಕಿ ಬದುಕಿದ ಜನ ಹಾಲಿಗೆ ಪರದಾಡಿದರು.

1991ರಲ್ಲಿ ಆ ಆಡಳಿತ ಬಿತ್ತು. 7501ನೇ ಕಾನೂನು ತಂದು ಫಾರಂ ಜಮೀನನ್ನು ಮನೆಗಳಿಗೆ ಹಂಚಿದರು. ಒಂದು ಮನೆಗೆ ಸರಾಸರಿ ಮೂರು ಎಕರೆ ಆಸುಪಾಸು, ಅದೂ ಅಲ್ಲೊಂದು ತುಂಡು ಇಲ್ಲೊಂದು ತುಂಡು. ಉಳಲು ಟ್ರಾಕ್ಟರ್ ಇಲ್ಲ, ಬೀಜ ಗೊಬ್ಬರಕ್ಕೆ ದುಡ್ಡಿಲ್ಲ. ಹುಡುಗರೆಲ್ಲ ಗ್ರೀಸ್, ಇಟಲಿ ಅಂತ ಹೊರಟರು. ಆ ವರ್ಷದ ಆಗಸ್ಟಿನಲ್ಲಿ ವ್ಲೋರಾ ಅನ್ನೋ ಒಂದೇ ಹಡಗಿನಲ್ಲಿ ಸುಮಾರು 20,000 ಜನ ಇಟಲಿಯ ಬಾರಿ ಬಂದರಿಗೆ ಹೋದರು. ಊರಲ್ಲಿ ಜಾಸ್ತಿ ಉಳಿದದ್ದು ವಯಸ್ಸಾದವರು, ಹೆಂಗಸರು, ಮಕ್ಕಳು.

ಇಂಥ ಕಡೆಗೆ ಹೊರಗಿನಿಂದ ಬಂದ ಸಂಸ್ಥೆಗಳಲ್ಲಿ ಹೀಫರ್ ಕೂಡ ಒಂದು. ಹೀಫರ್ ಅಂದರೆ ಕಡಸು. ಇದನ್ನು ಹುಟ್ಟುಹಾಕಿದ ಡ್ಯಾನ್ ವೆಸ್ಟ್ ಅಮೆರಿಕದ ರೈತ, ಚರ್ಚ್ ಆಫ್ ದಿ ಬ್ರೆದ್ರನ್ ಅನ್ನೋ ಕ್ರೈಸ್ತ ಪಂಗಡಕ್ಕೆ ಸೇರಿದವರು. ಸ್ಪೇನಿನ ಅಂತರ್ಯುದ್ಧದಲ್ಲಿ ಮಕ್ಕಳಿಗೆ ಲೋಟದಲ್ಲಿ ಹಾಲು ಹಂಚುವಾಗ ಅವರಿಗೆ ಅನ್ನಿಸಿದ್ದು ಇಷ್ಟೇ, ಲೋಟ ಹಾಲು ಸಾಲದು, ಹಸುವನ್ನೇ ಕೊಡಬೇಕು. 1944ರಲ್ಲಿ ಮೊದಲ 17 ಕಡಸುಗಳು ಪೋರ್ಟೊರಿಕೊಗೆ ಹೋದವು. ಹಸು ಪಡೆದವರು ಅದು ಹಾಕುವ ಮೊದಲ ಹೆಣ್ಣುಗರುವನ್ನು ಇನ್ನೊಂದು ಮನೆಗೆ ಕೊಡಬೇಕು, ಅದೇ ಕರಾರು.

ನನಗೆ ಈ ಕರಾರು ತುಂಬಾ ಇಷ್ಟ. ನಿನ್ನೆ ಕೈ ಚಾಚಿದವಳು ಇವತ್ತು ಪಕ್ಕದ ಮನೆಗೆ ಕರು ಹೊಡೆದುಕೊಂಡು ಹೋಗುತ್ತಾಳೆ. ಅವಳು ನಡೆಯೋ ರೀತಿಯೇ ಬೇರೆ ಇರುತ್ತದೆ, ಅಲ್ವಾ? ಹಳೇ ಬಟ್ಟೆ, ಹಿಟ್ಟಿನ ಚೀಲ ಹಂಚಿದರೆ ಹೀಗಾಗುವುದಿಲ್ಲ. ಆ ಹೊತ್ತಿನ ಹಸಿವಿಗೆ ಅವೂ ಬೇಕು, ನಿಜ. ಆದರೆ ಚೀಲ ಖಾಲಿಯಾದ ಮೇಲೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕು.

ಇನ್ನು ಧರ್ಮದ ಮಾತು. ಏಸುವಿನ ಮೇಲಿನ ನಂಬಿಕೆಯಿಂದ ಒಬ್ಬರು ಅಷ್ಟು ದೂರ ಬಂದು ದನದ ಕೆಲಸ ಮಾಡಿದರೆ ಅವರಿಗೆ ಕೈ ಮುಗಿಯುತ್ತೇನೆ. ಕೇಳಿದವರಿಗೆ ತಮ್ಮ ನಂಬಿಕೆ ಹೇಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಪ್ರಾರ್ಥನೆಗೆ ಬಂದರೆ ಮಾತ್ರ ಹಸು ಅಂತ ಯಾರಾದರೂ ಅಂದರೆ ಒಪ್ಪಲ್ಲ. ಅದರಲ್ಲೂ ಅಲ್ಬೇನಿಯಾದಲ್ಲಿ. ಅಲ್ಲಿ ಮುಸ್ಲಿಮರು, ಕಥೋಲಿಕರು, ಆರ್ಥೊಡಾಕ್ಸ್ ಕ್ರೈಸ್ತರು ಎಲ್ಲರೂ ಇದ್ದಾರೆ, ಹೊಜಾ ಕಾಲದಲ್ಲಿ ದೇವರನ್ನು ಪೂಜಿಸಿದ್ದಕ್ಕೆ ಎಲ್ಲ ಧರ್ಮದವರಲ್ಲೂ ಜೈಲು ಕಂಡವರಿದ್ದಾರೆ. ಪ್ರಾರ್ಥನೆ ಮಾಡಬೇಡ ಅಂತ ಹೆದರಿಸಿದ ಜಾಗದಲ್ಲಿ ಮಾಡು ಅಂತ ಆಸೆ ತೋರಿಸೋದೂ ಬಲವಂತವೇ.

ನಮ್ಮಮ್ಮ ಹಸು ಕೊಡುವಾಗ ಕೊರಳಿನ ಹಗ್ಗ ಬಿಚ್ಚಿ ಒಳಗೆ ಇಟ್ಟುಕೊಳ್ಳುತ್ತಿದ್ದರು. ಕರೆದುಕೊಂಡು ಹೋಗುವವರು ತಮ್ಮ ಹಗ್ಗ ತರಬೇಕಿತ್ತು.