ಮೂವತ್ತು ಮಿಲಿ ತೀರ್ಥ, ಒಂದು ತುಂಡು ಚೀಸು

ಚಿಕ್ಕಮಗಳೂರಿನ ವೈನ್ ಸ್ಟೋರಿನಲ್ಲಿ ವೈನ್ ಕೇಳಿ ನೋಡಿ. ಹುಡುಗ ಒಂದು ಕ್ಷಣ ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಸ್ಟೂಲ್ ಹತ್ತಿ, ರಮ್ಮಿನ ಡಬ್ಬಗಳ ಹಿಂದೆ ಸಿಕ್ಕಿಕೊಂಡಿದ್ದ ಬಾಟಲಿ ಇಳಿಸಿ, ಧೂಳು ಒರೆಸಿ, 'ಕೇಕಿಗಾ ಸಾರ್?' ಅನ್ನುತ್ತಾನೆ.

ಇಂಥ ಊರಲ್ಲಿ ಈಗ ಪ್ರತಿ ಶನಿವಾರ ಸಂಜೆ ವೈನ್ ಮತ್ತು ಚೀಸ್ ಅಂಗಡಿಯಲ್ಲಿ 'ಟೇಸ್ಟಿಂಗ್' ನಡೆಯುತ್ತದೆ. ತಲೆಗೆ ಏಳುನೂರೈವತ್ತು ರೂಪಾಯಿ. ಪಕ್ಕದ ರಸ್ತೆಯ ಸಿಎಲ್-2 ಸನ್ನದಿನ ಮದ್ಯದಂಗಡಿ ಮುಂದೆ ನೀರಿನ ಪ್ಯಾಕೆಟ್ ಹರಿದುಕೊಂಡು ನಿಂತವನಿಗೆ ಪೊಲೀಸರು ಲಾಠಿ ತೋರಿಸುತ್ತಾರೆ. ಆ ಸನ್ನದಿನಲ್ಲಿ ಸೀಲ್ ಒಡೆಯದ ಬಾಟಲಿ ಕೊಂಡು ಮನೆಗೆ ನಡೆಯಬೇಕೇ ಹೊರತು ಅಲ್ಲೇ ಕುಡಿಯುವಂತಿಲ್ಲ. ಇಲ್ಲಿ ಗಾಜಿನ ಲೋಟಕ್ಕೆ ಉದ್ದನೆ ಕಾಲಿದೆ. ಕಾಲಿರುವ ಲೋಟದಲ್ಲಿ ಕುಡಿದರೆ ಅದು ಸಂಸ್ಕೃತಿ, ಫೋಟೊ ತೆಗೆದು ಹಾಕಬಹುದು.

ಮೊದಲು ಲೆಕ್ಕ ನೋಡಿಬಿಡೋಣ. ಬಾಟಲಿ 750 ಮಿಲಿ. ರುಚಿ ನೋಡಲು ತಲೆಗೆ 50 ಮಿಲಿ ಬೇಕು. ಎರಡು ಸಲ ಮೂಸಿ, ಎರಡು ಗುಟುಕು ಹೀರಿ, ಒಂದು ಗುಟುಕು ಚೀಸಿನ ಜೊತೆಗೆ ಉಳಿಯಬೇಕಲ್ಲ. ಅಂದರೆ ಬಾಟಲಿಗೆ ಹದಿನೈದು ಜನ. ಆದರೆ ನಮ್ಮಲ್ಲಿ ಅಳತೆ ಅಂದರೆ ವಿಸ್ಕಿಯ ಪೆಗ್ ಅಳತೆಯೇ. ಇಪ್ಪತ್ತನಾಲ್ಕು ಜನಕ್ಕೆ ಮೂವತ್ತು ಮಿಲಿ ಹಾಕಿದರೆ 720 ಆಯಿತು, ಮಿಕ್ಕ ಮೂವತ್ತು ಟೇಸ್ಟಿಂಗ್ ನಡೆಸುವ ನಿರೂಪಕರಿಗೆ. ದೊಡ್ಡ ಬಲೂನಿನಂಥ ಲೋಟದ ತಳದಲ್ಲಿ ಅಂಟಿಕೊಂಡ ಈ ತೀರ್ಥವನ್ನು ಜನ ಸಹಜವಾಗಿಯೇ ಬಲಗೈ ಮುಂದೆ ಚಾಚಿ ತೆಗೆದುಕೊಳ್ಳುತ್ತಾರೆ.

ಕಾರ್ಯಕ್ರಮ ಆರೂವರೆಗೆ. ಆರು ಗಂಟೆಗೆ ಗಲ್ಲಾಪೆಟ್ಟಿಗೆ ಮೇಲಿನ ಲಕ್ಷ್ಮಿ ಫೋಟೊಗೆ ಮಂಗಳಾರತಿ, ಎರಡು ಊದುಬತ್ತಿ, ಶನಿವಾರವಾದ್ದರಿಂದ ಸಾಂಬ್ರಾಣಿಯೂ. ಆ ಹೊಗೆ ಇಳಿಯುವ ಮೊದಲೇ 'ಲೋಟದೊಳಗೆ ಮೂಗು ಇಳಿಸಿ, ಏನು ವಾಸನೆ ಬರ್ತಿದೆ ಹೇಳಿ' ಎಂಬ ಅಪ್ಪಣೆ. ಬರುವುದು ಸಾಂಬ್ರಾಣಿಯ ವಾಸನೆ. ಜೊತೆಗೆ ಲೋಟ ಒರೆಸಿದ ಹಸಿ ಬಟ್ಟೆಯದು, ಪಾತ್ರೆ ಸೋಪಿನ ನಿಂಬೆಯದು, ಪಕ್ಕದವರ ಸೆಂಟಿನದು. ಲೋಟವನ್ನು ಬರೀ ಬಿಸಿನೀರಿನಲ್ಲಿ ತೊಳೆದು, ನೇತುಹಾಕಿ ಒಣಗಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಅದನ್ನು ಬಂದವರಿಗೆ ಕೊಡುವ ಕಾರ್ಡಿನಲ್ಲಿ ಅಚ್ಚು ಹಾಕಿಸಲು ಬರುವುದಿಲ್ಲ.

ಇನ್ನು ಬಿಸಿ-ತಂಪಿನ ವಿಚಾರ. ವೈನ್ ಕೆಡಲು ಇದಕ್ಕಿಂತ ದೊಡ್ಡ ಕಾರಣ ನಮ್ಮ ಕಡೆ ಇನ್ನೊಂದಿಲ್ಲ. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಎಂದು ನಿರೂಪಕರು ಹೇಳುತ್ತಾರೆ, ತಪ್ಪೇನಿಲ್ಲ. ಆದರೆ ಆ ರೂಮು ಹೀಟರ್ ಬರುವ ಮುಂಚಿನ ಯುರೋಪಿನ ಮನೆಯದು, ಹೆಚ್ಚೆಂದರೆ 16-18 ಡಿಗ್ರಿ. ಡಿಸೆಂಬರ್ ಸಂಜೆ ಚಿಕ್ಕಮಗಳೂರಿನಲ್ಲಿ ಅದು ತಾನಾಗಿಯೇ ಸಿಗುತ್ತದೆ. ಏಪ್ರಿಲ್‌ನಲ್ಲಿ ಶೀಟ್ ಹೊದಿಸಿದ ಅಂಗಡಿಯೊಳಗೆ, ಷೋಕೇಸ್ ದೀಪದ ಕೆಳಗೆ ನಿಲ್ಲಿಸಿದ ಬಾಟಲಿ ಮೂವತ್ತರ ಹತ್ತಿರ ಇರುತ್ತದೆ. ಆ ಬಿಸಿಗೆ ಮದ್ಯಸಾರ ಮೊದಲು ಎದ್ದು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಅದರಡಿ ಮುಚ್ಚಿಹೋಗುತ್ತದೆ. ಬಿಳಿ ವೈನಿನದು ಉಲ್ಟಾ ಕಥೆ: ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದದ್ದು ನಾಲ್ಕು ಡಿಗ್ರಿಯಲ್ಲಿ ನೇರ ಲೋಟಕ್ಕೆ ಬರುತ್ತದೆ. ಅಷ್ಟು ತಂಪಿಗೆ ನಾಲಿಗೆ ಮರಗಟ್ಟಿ ನೀರು ಯಾವುದು ವೈನ್ ಯಾವುದು ಗೊತ್ತಾಗುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಬಿಸಿಯಾದ ಕೆಂಪನ್ನು ಬಡಿಸುವ ಒಂದು-ಒಂದೂವರೆ ಗಂಟೆ ಮುಂಚೆ ಫ್ರಿಜ್ಜಿಗೆ ಹಾಕಬೇಕು, ಬಿಳಿಯನ್ನು ಕಾಲು ಗಂಟೆ ಮುಂಚೆ ಹೊರಗೆ ತೆಗೆಯಬೇಕು. ಮರೆತಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿದರೆ ಇಪ್ಪತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಬರೀ ಐಸಿನ ಗುಡ್ಡದ ಮೇಲೆ ಬಾಟಲಿ ಕೂರಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ; ಗಡ್ಡೆಗಳ ನಡುವೆ ಗಾಳಿ ತುಂಬಿರುವುದರಿಂದ ವೈನ್ ಮಾತ್ರ ಬೇಗ ತಣ್ಣಗಾಗುವುದಿಲ್ಲ. ಅಂಗಡಿಯವರು ಯಾವುದನ್ನು ಆರಿಸಿಕೊಂಡಿದ್ದಾರೆಂದು ಊಹಿಸಿ.

ಆಮೇಲೆ ಲೋಟ ತಿರುಗಿಸುವ ವ್ಯಾಯಾಮ. ಗೋಡೆಗುಂಟ ಇಳಿಯುವ ಗೆರೆಗಳನ್ನು ತೋರಿಸಿ 'ಕಾಲು ನೋಡಿ, ಕಾಲು! ಎಷ್ಟು ದಪ್ಪ ಇದೆ! ಕ್ವಾಲಿಟಿ ಅಂದ್ರೆ ಇದು' ಎಂಬ ಉದ್ಗಾರ. ಲೋಟದ ಗೋಡೆಗೆ ಹತ್ತಿದ ತೆಳು ಪದರದಿಂದ ಮದ್ಯಸಾರ ಬೇಗ ಆವಿಯಾಗುತ್ತದೆ, ಉಳಿದ ನೀರಿನ ಮೇಲ್ಮೈ ಸೆಳೆತ ಹೆಚ್ಚಿ ಇನ್ನಷ್ಟು ದ್ರವವನ್ನು ಮೇಲಕ್ಕೆಳೆಯುತ್ತದೆ, ಭಾರವಾದಾಗ ಅದು ಹನಿಯಾಗಿ ಜಾರುತ್ತದೆ. ವಿಜ್ಞಾನಿ ಜೇಮ್ಸ್ ಥಾಮ್ಸನ್ 1855ರಲ್ಲೇ ಇದನ್ನು ವಿವರಿಸಿಯಾಗಿದೆ. ಕಾಲು ಹೇಳುವುದು ಮದ್ಯಸಾರ ಎಷ್ಟಿದೆ ಎಂಬುದನ್ನು, ಸಕ್ಕರೆ ಇದ್ದರೆ ಅದನ್ನೂ ಒಂದಿಷ್ಟು. ಕಾಲಿನಿಂದಲೇ ದರ್ಜೆ ಅಳೆಯುವುದಾದರೆ 42.8 ಪರ್ಸೆಂಟಿನ ರಮ್ಮು ಇಡೀ ಅಂಗಡಿಗೇ ರಾಜ.

ಎಲ್ಲಕ್ಕಿಂತ ಸೊಗಸು ವಾಸನೆಯ ಪಾಠ. ಪ್ರತಿ ಕುರ್ಚಿಯ ಮೇಲೂ ಒಂದು ಕಾರ್ಡು: ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಸಿಗಾರ್ ಬಾಕ್ಸ್, ಒದ್ದೆ ಕಲ್ಲು. ಬ್ಲ್ಯಾಕ್‌ಕರಂಟನ್ನು ಐಸ್‌ಕ್ರೀಮಿನ ಬಣ್ಣದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಇಪ್ಪತ್ತನಾಲ್ಕು ಮಂದಿ ಕಣ್ಣು ಮುಚ್ಚಿ 'ಹೌದು, ಬ್ಲ್ಯಾಕ್‌ಕರಂಟ್ ಬರ್ತಿದೆ' ಎಂದು ತಲೆದೂಗುತ್ತಾರೆ. ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ವೈನ್ ಹದವಾಗುವ ಪೀಪಾಯಿಯ ಓಕ್ ವಾಸನೆಯನ್ನೂ ಹಿಡಿಯುತ್ತಾರೆ. 'ನಮ್ ತೋಟದಲ್ಲೇ ಎಂಟ್ನೂರು ಓಕ್ ಮರ ಇದಾವೆ, ನಂಗೊತ್ತಾಗಲ್ವಾ?' ಇರುವುದು ಸಿಲ್ವರ್ ಓಕ್, ಆಸ್ಟ್ರೇಲಿಯಾದಿಂದ ಬಂದ ನೆರಳಿನ ಮರ. ಪೀಪಾಯಿಯ ಓಕ್‌ಗೂ ಅದಕ್ಕೂ ಹೆಸರು ಬಿಟ್ಟರೆ ಯಾವ ನೆಂಟಸ್ತಿಕೆಯೂ ಇಲ್ಲ. ಬಾಟಲಿಯ ಹಿಂದಿನ ಚೀಟಿ ಓದಿದರೆ ಆ ವೈನ್ ಸ್ಟೀಲ್ ಟ್ಯಾಂಕಿನಿಂದ ನೇರ ಬಾಟಲಿಗೆ ಬಂದದ್ದು, ಪೀಪಾಯಿ ಕಂಡದ್ದೇ ಇಲ್ಲ.

ತಮಾಷೆಯೆಂದರೆ, ಅದೇ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ವಾಸನೆ ನಿಜವಾಗಿಯೂ ಆ ಲೋಟದಲ್ಲಿದೆ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಕಾಳುಮೆಣಸಿನ ಘಮ ಬರುವುದು ರೊಟಂಡೋನ್ ಎಂಬ ಅಂಶದಿಂದ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ಗುರುತಿಸಿದರು. ಮೆಣಸಿನ ಕಾಳಿನಲ್ಲಿರುವುದೂ ಅದೇ ಅಂಶ. ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಆದರೆ ವರ್ಷಾ ವರ್ಷಾ ಕಣದಲ್ಲಿ ಮೆಣಸು ಒಣಗಿಸುವವರ ಮೂಗಿಗೆ ಗುರುತು ಹತ್ತಬೇಕಾದ ಮೊದಲ ವಾಸನೆ ಅದೇ ತಾನೆ? ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ 'ಮೆಣಸಿನ ವಾಸನೆ ಬರ್ತಿದೆಯಲ್ಲ' ಅಂದರೆ ಎಲ್ಲರೂ ನಗುತ್ತಾರೆ. ನಿರೂಪಕರು ಕಾರ್ಡ್ ನೋಡಿ, 'ಇಲ್ಲ ಸಾರ್, ಲೆದರ್' ಎಂದು ತಿದ್ದುತ್ತಾರೆ. ಸಾವಿಗ್ನಾನ್ ಬ್ಲಾಂಕ್ ಎಂಬ ಬಿಳಿ ವೈನಿನ ಪಾಡೂ ಇಷ್ಟೆ. ಅದರಲ್ಲಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಸಿ ವಾಸನೆ ಢಾಳಾಗಿದೆ, ಸೀಬೆಹಣ್ಣಿನದೂ ಇದೆ. ಸೀಬೆ ಅನ್ನಲು ಏಳುನೂರೈವತ್ತು ಯಾರು ಕೊಡುತ್ತಾರೆ ಎಂಬುದು ಅಂಗಡಿಯವರ ವಾದ.

ಚೀಸಿನದು ಚುಟುಕಾಗಿ ಹೇಳಿದರೆ ಸಾಕು. ಬ್ರೀ ಚೀಸನ್ನು ಒಂದು ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆದಿಟ್ಟರೆ ಮೆತ್ತಗಾಗಿ ವಾಸನೆ ಬಿಡುತ್ತದೆ. ಇಲ್ಲಿ ಸೀಮೆಸುಣ್ಣದ ಹದದಲ್ಲಿ ಬರುತ್ತದೆ. ಅದು ಖಾಲಿಯಾದ ಮೇಲೆ ಕ್ಯೂಬ್ ಚೀಸಿಗೆ ಅನಾನಸ್ ಚುಚ್ಚಿದ ಕಡ್ಡಿ, ಅದೂ ಮುಗಿದರೆ ಖಾರದ ಕಡ್ಲೆಬೀಜ. ಒಗರಾದ ಕೆಂಪು ವೈನಿಗೆ ಕೊಬ್ಬು, ಉಪ್ಪು, ಹಾಲಿನ ಪ್ರೋಟೀನು ಕೂಡಿದರೆ ಒಗರು ಇಳಿಯುತ್ತದೆ, ಚೀಸನ್ನು ಜೊತೆಗಿಡುವುದೇ ಅದಕ್ಕೆ. ಖಾರದ ಮೇಲೆ ಅದೇ ವೈನ್ ಬಿದ್ದರೆ ಮದ್ಯಸಾರ ಉರಿಯನ್ನು ಎಬ್ಬಿಸುತ್ತದೆ, ಒಗರು ಕಹಿಯಾಗುತ್ತದೆ. ಆಗ ಬರುವ ಕೆಮ್ಮಿಗೆ ಕಾರ್ಡಿನಲ್ಲಿ 'ಲಾಂಗ್ ಫಿನಿಶ್', ಅಂದರೆ ನುಂಗಿದ ಮೇಲೂ ಬಹಳ ಹೊತ್ತು ಉಳಿಯುವ ರುಚಿ, ಎಂದು ಬರೆದಿದೆ.

ಮೇಜಿನ ಕೊನೆಗೊಂದು ಉಗುಳುವ ಸ್ಟೀಲ್ ಬಕೆಟ್ ಇದೆ. ನಡೆಯುವ ಬಸ್ಸಿನ ಕಿಟಕಿಯಿಂದ ಎಲೆಅಡಿಕೆ ಉಗುಳಿ ಗುರಿ ತಪ್ಪದ ಜನ ನಾವು. ಇದೇ ಊರಲ್ಲಿ ಕಾಫಿಯವರು ರುಚಿ ಪರೀಕ್ಷಿಸುವ 'ಕಪ್ಪಿಂಗ್' ಮೇಜಿನಲ್ಲಿ 150 ಮಿಲಿ ನೀರಿಗೆ ಎಂಟೂಕಾಲು ಗ್ರಾಂ ಪುಡಿ ಹಾಕಿ, ನಾಲ್ಕು ನಿಮಿಷಕ್ಕೆ ನೊರೆ ಒಡೆದು, ಸೊರ್ ಎಂದು ಎಳೆದು, ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಾರೆ. ಅಲ್ಲಿ ಯಾರೂ ಕಣ್ಣು ಮುಚ್ಚಿ ಸಾಹಿತ್ಯ ಹೇಳುವುದಿಲ್ಲ. ಟೇಸ್ಟಿಂಗಿನಲ್ಲಿ ಮಾತ್ರ 'ದುಡ್ಡು ಕೊಟ್ಟಿದ್ದನ್ನ ಉಗುಳೋದಾ?' ಹೀಗಾಗಿ ಬಕೆಟ್ಟಿಗೆ ಬೀಳುವುದು ಹಲ್ಲುಕಡ್ಡಿ, ಟಿಶ್ಯೂ. ನಾಲ್ಕನೇ ಸುತ್ತಿನ ಹೊತ್ತಿಗೆ ಎಲ್ಲ ವೈನೂ ಅದ್ಭುತ, ಪಕ್ಕದಲ್ಲಿ ಕೂತವರೂ ಅದ್ಭುತ. ಕಳೆದ ಶನಿವಾರ ತೆರೆದು, ಕಾರ್ಕ್ ಒತ್ತಿಟ್ಟು, ಅರ್ಧ ಉಳಿಸಿದ್ದ ಬಾಟಲಿ ಹೊರಗೆ ಬರುವುದು ಆಗಲೇ. ಗಾಳಿ ತಾಗಿ ಹುಳಿಯಾದ ಅದಕ್ಕೆ 'ರಸ್ಟಿಕ್', ಅಂದರೆ ಹಳ್ಳಿ ಸೊಗಡಿನದು, ಎಂದು ಪರಿಚಯ.

ಚಿಕ್ಕಮಗಳೂರನ್ನೇ ಆಡಿಕೊಳ್ಳಬೇಕಾಗಿಲ್ಲ. 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಸಂಶೋಧಕ ಫ್ರೆಡೆರಿಕ್ ಬ್ರೋಷೆ 54 ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಕೆಂಪು ವೈನಿನ ಪದಗಳೆಲ್ಲ ಸಾಲಾಗಿ ಬಂದವು. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ 2005ರಿಂದ ತೀರ್ಪುಗಾರರಿಗೆ ಒಂದೇ ಬಾಟಲಿಯನ್ನು ಮೂರು ಸಲ ಬಡಿಸಿ ನೋಡಿದರು. ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು.

ಅಂಗಡಿಯವರಿಗೆ ನಿಜವಾಗಿ ಟೇಸ್ಟಿಂಗ್ ಮಾಡುವ ಮನಸ್ಸಿದ್ದರೆ ಖರ್ಚಿಲ್ಲದ ಒಂದು ವಿಧಾನವಿದೆ. ಊದುಬತ್ತಿ ಆರಿಸಿ, ಕಿಟಕಿ ತೆಗೆಯಿರಿ. ಬಣ್ಣ ಕಾಣದಂತೆ ಮೂರು ಸ್ಟೀಲ್ ಲೋಟ ಇಡಿ. ಎರಡರಲ್ಲಿ ಒಂದೇ ವೈನು, ಮೂರನೆಯದರಲ್ಲಿ ಬೇರೆ, ಮೂರೂ ಒಂದೇ ತಂಪಿನಲ್ಲಿ. ಬೇರೆ ಯಾವುದು ಅಂತ ಗುರುತಿಸಬೇಕು, ಅಷ್ಟೆ. ಕಣ್ಣು ಮುಚ್ಚಿ ಬೆರಳು ಇಟ್ಟರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಆದ್ದರಿಂದ ನಾಲ್ಕಾರು ಸಲ ಮಾಡಿಸಿ. ಮೊದಲ ಸರದಿ ನಿರೂಪಕರದೇ ಇರಲಿ. ಆ ಶನಿವಾರ ಅವರಿಗೆ ನೆಗಡಿ ಆಗಿರುತ್ತದೆ.