ಪಂಪು ಕೆಟ್ಟಿದೆ, ಪಿನ್ನು ಬಿದ್ದಿದೆ

ಆ ಫೋಟೊ ನೀವೂ ನೋಡಿರುತ್ತೀರಿ. ಏಳೆಂಟು ಜನ ಒಂದೇ ಮೊಬೈಲಿನ ಮೇಲೆ ಬೆರಳಿಟ್ಟು ನಗುತ್ತಾ ನಿಂತಿದ್ದಾರಲ್ಲ, ಅದೇ. ಸಮೀಕ್ಷೆಗೆ ಹೊಸ ಆ್ಯಪ್ ಬಂದಿದೆ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇನ್ನು ಚಿಟಿಕೆ ಹೊಡೆಯೋದರಲ್ಲಿ ಮುಗಿಯುತ್ತಂತೆ. ಸಂತೋಷ. ಚಿಟಿಕೆ ಹೊಡೆಯುವವರು ಫ್ಯಾನಿನ ಕೆಳಗಿದ್ದಾರೆ, ಬಿಸಿಲಲ್ಲಿ ನಡೆಯುವವರು ಬೇರೆ ಇದ್ದಾರೆ. ಅದು ಬಿಡಿ, ಸಣ್ಣ ವಿಷಯ.

ಗೆಳತಿಯೊಬ್ಬಳ ಪಾಲಿಗೆ ಈ ಕೆಲಸ ಬಿದ್ದಿದೆ. ಕುಡಿಯುವ ನೀರಿನ ಕೈಪಂಪುಗಳನ್ನು ಹುಡುಕಿ ನಕ್ಷೆಗೆ ಏರಿಸಬೇಕು. ಒಂದು ದಿನ ಸುಮ್ನೆ ಜೊತೆಗೆ ಹೋಗಿದ್ದೆ.

ಪಂಪು ದೊಡ್ಡ ಮರದ ಕೆಳಗಿತ್ತು. ಆ್ಯಪ್ ತೆರೆದರೆ 'ನಿಖರತೆ 40 ಮೀಟರ್, ಸಾಲದು' ಅಂತು. ಎಲೆಗಳ ಸಂದಿಯಲ್ಲಿ ಉಪಗ್ರಹ ಸರಿಯಾಗಿ ಸಿಗಲ್ಲ. ಅವಳು ಹಿಂದೆ ಹಿಂದೆ ಸರಿದು ಬಯಲಿಗೆ ಬಂದಳು. 6 ಮೀಟರ್. ಹಸಿರು ಗುರುತು ಬಂತು. ಪಂಪು ಮಾತ್ರ ಮೂವತ್ತು ಹೆಜ್ಜೆ ಆಚೆ ಉಳಿಯಿತು. ಆ್ಯಪಿಗೆ ಬೇಕಾದ್ದು ನಿಖರತೆ, ಪಂಪಲ್ಲ ಅಲ್ವಾ? ಸೇವ್ ಒತ್ತಿದಳು.

ಸೇವ್ ಆದ ಅಕ್ಷಾಂಶ, ರೇಖಾಂಶದ ಅಂಕಿ ನೋಡಬೇಕಿತ್ತು. ಚುಕ್ಕಿ ಆದಮೇಲೆ ಎಂಟು ಸ್ಥಾನ! ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ಎಂಟನೇ ಸ್ಥಾನಕ್ಕೆ ಹೋದರೆ ಒಂದು ಮಿಲಿಮೀಟರ್. ಮೊಬೈಲಿನ ಜಿಪಿಎಸ್ಸೋ, ಬಯಲಲ್ಲಿ ನಿಂತರೂ ಐದು ಮೀಟರ್ ಆಚೀಚೆ. ಮಾರು ಹಾಕಿ ಅಳೆದು ಕೂದಲೆಳೆ ಲೆಕ್ಕ ಒಪ್ಪಿಸಿದ ಹಾಗೆ. 2000ದ ಮೇವರೆಗೆ ಅಮೆರಿಕದವರು ಜನಸಾಮಾನ್ಯರಿಗೆ ಬರುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿದ್ದರು. ಆಮೇಲೆ ನಿಲ್ಲಿಸಿದರು. ಈಗ ಆ ಕೆಲಸ ನಾವೇ ನೋಡಿಕೊಳ್ಳುತ್ತಿದ್ದೇವೆ.

ಮುಂದಿನ ಪ್ರಶ್ನೆ: ಪಂಪಿನ ಸ್ಥಿತಿ. ಆಯ್ಕೆಗಳು ಮೂರು. ಉತ್ತಮ, ಸಾಧಾರಣ, ಇತರೆ. ಕೆಟ್ಟಿದೆ ಅನ್ನೋದು ಆ್ಯಪ್ ಮಾಡಿದವರಿಗೆ ಹೊಳೆದೇ ಇಲ್ಲ. ಅವಳು 'ಇತರೆ' ಒತ್ತಿದಳು. ಕಾರಣ ಬರೆಯಿರಿ, 15 ಅಕ್ಷರ ಮೀರಬಾರದು. ಪುಣ್ಯಾತ್ಮರು ಗುಣಿತ, ಒತ್ತು ಎಲ್ಲವನ್ನೂ ಬೇರೆ ಬೇರೆ ಅಕ್ಷರವಾಗಿ ಎಣಿಸುತ್ತಾರೆ. ನಮ್ಮ 'ತ್ತು' ಒಂದಕ್ಕೇ ನಾಲ್ಕು ಖರ್ಚು. ಕೊನೆಗೆ ದಾಖಲಾದದ್ದು ಇಷ್ಟು: 'ಹಿಡಿಕೆ ಕಿತ್ತುಹೋ'.

ಅಷ್ಟರಲ್ಲಿ ಅಜ್ಜಿಯೊಬ್ಬರು ಬಂದರು.

"ರಿಪೇರಿಗೆ ಬಂದ್ರಾ?"

"ಇಲ್ಲ ಅಜ್ಜಿ, ಬರ್ಕೊಂಡು ಹೋಗೋಕೆ."

"ಓ, ಫೋಟೊದವರಾ," ಅಂದರು. ತಾವೇ ಹೋಗಿ ಪಂಪಿನ ಮುಂದಿದ್ದ ಖಾಲಿ ಬಿಂದಿಗೆ ಪಕ್ಕಕ್ಕೆ ಸರಿಸಿ ನಿಂತರು. "ಹೋದ ಸಲ ಬಂದೋನು ಇದು ಅಡ್ಡ ಬರುತ್ತೆ ಅಂದಿದ್ದ."

ಉಪಗ್ರಹವೇ ಸಿಗದೆ ಹೋದರೆ ಇನ್ನೂ ಮಜಾ. ಕೆಲವು ಆ್ಯಪುಗಳು ಸ್ಥಳ ಗೊತ್ತಾಗದಿದ್ದರೆ ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಅಂತ ತುಂಬಿಬಿಡುತ್ತವೆ. ಅದು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಟ್ಟ ನಡುವಿನ ಜಾಗ. ನಕ್ಷೆಯ ಕೆಲಸದವರು ಅದಕ್ಕೆ 'ನಲ್ ಐಲ್ಯಾಂಡ್', ಅಂದರೆ ಶೂನ್ಯ ದ್ವೀಪ, ಅಂತ ನಾಮಕರಣವನ್ನೂ ಮಾಡಿದ್ದಾರೆ. ದ್ವೀಪವಿಲ್ಲ, ಮಣ್ಣಿಲ್ಲ. ಹವಾಮಾನ ಅಳೆಯಲು ತೇಲುವ ಯಂತ್ರವೊಂದನ್ನು ಅಲ್ಲಿ ಲಂಗರು ಹಾಕಿದ್ದರು, ಅದು ಬಿಟ್ಟರೆ ಬರೀ ನೀರು. ಆದರೆ ದಾಖಲೆ ನೋಡಿ! ಶಾಲೆ, ಶೌಚಾಲಯ, ಬೀದಿದೀಪ, ನೆಟ್ಟ ಸಸಿ, ಎಲ್ಲ ಅಲ್ಲೇ. ಇಷ್ಟು ಅಭಿವೃದ್ಧಿಯಾದ ಊರು ಭೂಮಿ ಮೇಲೆ ಇನ್ನೊಂದಿರಲಿಕ್ಕಿಲ್ಲ. ನಿವೃತ್ತಿಯಾದ ಮೇಲೆ ಅಲ್ಲೇ ಹೋಗಿ ಇರೋಣ ಅಂತ ನನಗೂ ಆಸೆ. ಕೈಪಂಪಿಗೆ ಕೊರತೆ ಇಲ್ಲ, ಕುಡಿಯೋಕೆ ಉಪ್ಪುನೀರು.

ಇನ್ನು ನೆಟ್‌ವರ್ಕ್ ವಿಷಯ. ಅದು ಇಲ್ಲದಾಗ ಫೋನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುವ ವ್ಯವಸ್ಥೆ ಇದೆಯಲ್ಲ ಅಂತೀರಾ? ಇದೆ. ಹಾಗೆ ಮಾಡುವ ಓಪನ್ ಡೇಟಾ ಕಿಟ್ ಅನ್ನೋ ತಂತ್ರಾಂಶ ಶುರುವಾಗಿದ್ದೇ 2008ರಲ್ಲಿ. ಪುಕ್ಕಟೆ ಬೇರೆ. ಪುಕ್ಕಟೆ ಸಿಗುವುದಕ್ಕೆ ಟೆಂಡರ್ ಕರೆಯೋದು ಹೇಗೆ?

ಈ ಆ್ಯಪಿನಲ್ಲಿ ಆ ವ್ಯವಸ್ಥೆ ಇಲ್ಲ. ಹೀಗಾಗಿ ನೆಟ್‌ವರ್ಕ್ ಸಿಗದ ಕಡೆ ಗೆಳತಿ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ರಾತ್ರಿ ಮನೆಯ ಮಾಳಿಗೆ ಹತ್ತಿ, ಸಿಗ್ನಲ್ ಹಿಡಿದು ಆ್ಯಪಿಗೆ ತುಂಬುತ್ತಾಳೆ. ಅದು ಪಂಪಿನ ಜಾಗವನ್ನು ಕೇಳಲ್ಲ, ಫೋನ್ ಇರುವ ಜಾಗವನ್ನೇ ತಗೊಳ್ಳುತ್ತೆ. ಹಾಗೆ ಒಂದು ವಾರದ ಪಂಪುಗಳೆಲ್ಲ ಅವಳ ಮಾಳಿಗೆ ಮೇಲೆ ಬಂದು ಕೂತವು. ಮೇಲಿನಿಂದ ಫೋನ್ ಬಂತು. ಬೈಯೋಕಲ್ಲ. ಎಲ್ಲರಿಗಿಂತ ಬೇಗ ಮುಗಿಸಿದ್ದಕ್ಕೆ ಅಭಿನಂದನೆ.

ನಕ್ಷೆ, ಪಂಪು ಅಂದರೆ ಜಾನ್ ಸ್ನೋ ಹೆಸರು ಬರಲೇಬೇಕು. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ಸತ್ತವರ ಮನೆಗಳನ್ನು ಗುರುತಿಸಿ, ರೋಗ ಬರ್ತಿರೋದು ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿಂದ ಅಂತ ಬೆರಳಿಟ್ಟು ತೋರಿಸಿದ ವೈದ್ಯ. ಇಂಥ ಆ್ಯಪುಗಳ ಬಗ್ಗೆ ಭಾಷಣ ಮಾಡುವವರಿಗೆಲ್ಲ ಅವನು ಕುಲದೇವರು. ಆದರೆ ಒಂದು ಮಾತನ್ನು ಅವರು ಹೇಳಲ್ಲ. ರೋಗ ಹಬ್ಬಿದ್ದು ಆಗಸ್ಟ್ ಕೊನೆಗೆ. ಪಂಪಿನ ಹಿಡಿಕೆ ಕಿತ್ತಿದ್ದು ಸೆಪ್ಟೆಂಬರ್ 8ಕ್ಕೆ. ಆ ಪ್ರಸಿದ್ಧ ನಕ್ಷೆ ಅಚ್ಚಾಗಿ ಹೊರಬಂದದ್ದು ಅದಾದ ಮೇಲೆ. ಮನೆಮನೆಗೆ ಹೋಗಿ ಕೇಳಿದ, ಅಧಿಕಾರ ಇದ್ದವರ ಹತ್ತಿರ ಹೋಗಿ ಹೇಳಿದ, ಅವರು ಮಾರನೇ ದಿನ ಹಿಡಿಕೆ ತೆಗೆಸಿದರು. ಕೆಲಸ ಮೊದಲು, ನಕ್ಷೆ ಆಮೇಲೆ.

ನಮ್ಮಲ್ಲಿ ಹಿಡಿಕೆ ತಾನಾಗೇ ಕಿತ್ತುಹೋಗಿದೆ. ಅದನ್ನು ಹಾಕೋಕೆ ಒಂದು ಸ್ಪ್ಯಾನರ್, ಎರಡು ಬೋಲ್ಟು, ಒಬ್ಬ ಮನುಷ್ಯ ಸಾಕು. ಆ ಒಬ್ಬ ಮನುಷ್ಯನನ್ನು ಯಾರೂ ಕಳಿಸಿಲ್ಲ. ಫೋಟೊ ತೆಗೆಯುವವರನ್ನು ಮಾತ್ರ ಕಳಿಸುತ್ತಲೇ ಇದ್ದಾರೆ. ಅಜ್ಜಿ ದೂರದಿಂದ ಹೊತ್ತು ತರುವ ನೀರಿಗೆ ಯಾವ ಆ್ಯಪಿನಲ್ಲೂ ಕಾಲಂ ಇಲ್ಲ. ನಗಿಸೋಣ ಅಂತ ಬರೆಯೋಕೆ ಕೂತೆ. ಇಲ್ಲಿಗೆ ಬಂದಾಗ ಬೇಜಾರಾಯಿತು.

ನಿನ್ನೆ ಗೆಳತಿ ಫೋನ್ ಮಾಡಿದ್ದಳು. ಹೊಸ ಆವೃತ್ತಿ ಬಂದಿದೆಯಂತೆ, ಎಲ್ಲ ಪಂಪಿಗೂ ಇನ್ನೊಂದು ಸಲ ಹೋಗಬೇಕಂತೆ. ದೂರು ಜಾಸ್ತಿ ಬಂದಿದ್ದಕ್ಕೆ ಒಂದು ತಿದ್ದುಪಡಿ ಮಾಡಿದ್ದಾರೆ. 'ಇತರೆ' ತೆಗೆದಿದ್ದಾರೆ.